ಸೊಂಟದ ಎಕ್ಸ್‌ರೇಯಲ್ಲಿ ಏನು ಕಾಣುತ್ತದೆ?



ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಹಂದಿಗೋಡು ಕಾಯಿಲೆಯನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. 1975ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಗುರುತಿಸಿದ್ದರಿಂದ ಆ ಹೆಸರು ಬಂತು. ಸೊಂಟ, ಮಂಡಿ ನೋವು, ಕುಂಟುನಡಿಗೆ. ಕೆಲವರಿಗೆ ಎತ್ತರವೇ ಬೆಳೆಯುವುದಿಲ್ಲ. ಇಂಥ ಮನೆಗಳಲ್ಲಿ ಎಕ್ಸ್‌ರೇ ಫಿಲ್ಮು ಇರುತ್ತದೆ. ಏನಂತೆ ಎಂದು ಕೇಳಿದರೆ "ಮೂಳೆ ಸವೆದಿದೆಯಂತೆ" ಅನ್ನುತ್ತಾರೆ, ಅಷ್ಟೇ. ಅದಕ್ಕೇ ಈ ಪಾಠ.

ಫಿಲ್ಮನ್ನು ಹಗಲಿನ ಬೆಳಕಿಗೆ ಹಿಡಿಯಿರಿ. ಬೆಳ್ಳಗಿರುವುದು ಮೂಳೆ. ಸಾಮಾನ್ಯವಾಗಿ ರೋಗಿ ನಿಮ್ಮ ಎದುರು ನಿಂತ ಹಾಗೆ ನೋಡಬೇಕು, ಅಂದರೆ ಅವರ ಬಲಗಡೆ ನಿಮ್ಮ ಎಡಕ್ಕೆ ಬರುತ್ತದೆ. ತೊಡೆಮೂಳೆಯ ತುದಿ ಚೆಂಡಿನಂತೆ ಗುಂಡಗಿದ್ದು, ಸೊಂಟದ ಬಟ್ಟಲಿನೊಳಗೆ ಕೂತಿರುತ್ತದೆ. ಚೆಂಡಿಗೂ ಬಟ್ಟಲಿಗೂ ನಡುವೆ ಒಂದು ಕಪ್ಪು ಗೆರೆ ಕಾಣಬೇಕು. ಅದು ಖಾಲಿ ಜಾಗ ಅಲ್ಲ, ಮೆದುಮೂಳೆ ಇರುವ ಜಾಗ. ಮೆದುಮೂಳೆ ಎಕ್ಸ್‌ರೇಯಲ್ಲಿ ಬೀಳುವುದಿಲ್ಲ. ಆ ಗೆರೆ ಸಣ್ಣದಾದರೆ ಮೆದುಮೂಳೆ ಸವೆದಿದೆ ಎಂದರ್ಥ. ಸವೆದ ಕಡೆ ಮೂಳೆಯ ಅಂಚು ಹೆಚ್ಚು ಬೆಳ್ಳಗಾಗುತ್ತದೆ, ಬದಿಯಲ್ಲಿ ಮುಳ್ಳಿನ ಹಾಗೆ ಮೂಳೆ ಬೆಳೆಯುತ್ತದೆ. ಇಷ್ಟು ಯಾವ ಸಂಧಿವಾತದಲ್ಲಾದರೂ ಕಾಣಬಹುದು. ಹಂದಿಗೋಡು ಕಾಯಿಲೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಇವು ಕಾಣಬಹುದು. ಕೆಲವರಲ್ಲಿ ಚೆಂಡು ಚಪ್ಪಟೆಯಾಗಿರುತ್ತದೆ, ಬೆನ್ನುಮೂಳೆಯ ಮಣಿಗಳೂ ಚಪ್ಪಟೆ ಆಗಿರುತ್ತವೆ.

ಮಕ್ಕಳ ಫಿಲ್ಮು ನೋಡಿ ಗಾಬರಿ ಬೀಳಬೇಡಿ. ಬೆಳೆಯುವ ಮೂಳೆಯ ತುದಿಯಲ್ಲಿ ಕಪ್ಪು ಸಂದಿ ಇದ್ದೇ ಇರುತ್ತದೆ, ಅದು ಮುರಿತವಲ್ಲ. ಇದು ಯಾವ ಕಾಯಿಲೆ ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ. ನಮ್ಮದು ಸರಿಯಾದ ಪ್ರಶ್ನೆ ಕೇಳುವುದು. "ಸಂದಿ ಎಷ್ಟು ಉಳಿದಿದೆ? ಹೋದ ಸಲಕ್ಕಿಂತ ಹೆಚ್ಚಾಗಿದೆಯಾ?" ಅಂತ ಕೇಳಿ. ಇದಕ್ಕೆ ಹಳೇ ಫಿಲ್ಮು ಬೇಕೇ ಬೇಕು.

ಮೊದಲು ಗದ್ದೆ ಏಡಿ ತಿಂದದ್ದಕ್ಕೆ, ಗದ್ದೆಗೆ ಹೊಡೆದ ಔಷಧಿಗೆ ಈ ಕಾಯಿಲೆ ಬಂತು ಎಂಬ ಅನುಮಾನವಿತ್ತು. ಮುಂದೆ ಕುಟುಂಬಗಳ ವಂಶಾವಳಿ ಬರೆದು, ಎಕ್ಸ್‌ರೇ ತೆಗೆದು ನೋಡಿದಾಗ ಇದು ಮೂಳೆಯ ಬೆಳವಣಿಗೆಯಲ್ಲೇ ಇರುವ ವಂಶಪಾರಂಪರ್ಯ ದೋಷ ಎಂದು ತಿಳಿಯಿತು. ಎಕ್ಸ್‌ರೇ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ತಂದೆ ಅಥವಾ ತಾಯಿ, ಯಾರೊಬ್ಬರಿಗೆ ಇದ್ದರೂ ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು, ಹೆಣ್ಣು ಎಂಬ ಭೇದವಿಲ್ಲ. ಹೀಗಿರುವಾಗ "ಸೊಸೆ ಕಾಲಿಟ್ಟ ಮೇಲೆ ಬಂತು", "ಯಾರದೋ ಶಾಪ" ಎನ್ನುವ ಮಾತು ನಮ್ಮ ಸಂಘದ ಸಭೆಗಳಲ್ಲೂ ಕೇಳಿಬರುವುದು ನಮಗೆ ಬಹಳ ಬೇಸರದ ಸಂಗತಿ. ಗಂಡನ ಮನೆಯಲ್ಲೇ ಮೂರು ತಲೆಮಾರಿನಿಂದ ಇದ್ದರೂ ಬೈಸಿಕೊಳ್ಳುವವಳು ಸೊಸೆ! ಅಂಟುರೋಗವೂ ಅಲ್ಲ. ಒಟ್ಟಿಗೆ ಊಟ ಮಾಡಿ, ಮಗುವನ್ನು ಎತ್ತಿಕೊಳ್ಳಿ.

ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ನೋವಿಗೆ ಚಿಕಿತ್ಸೆ, ವ್ಯಾಯಾಮ, ಊರುಗೋಲು ಇವೆ. ತೀರಾ ಸವೆದವರಿಗೆ ಕೀಲು ಬದಲಿಸುವ ಆಪರೇಷನ್ ಬಗ್ಗೆ ಮೂಳೆ ಡಾಕ್ಟರು ಹೇಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಚಲನೆಯ ತೊಂದರೆ, ಕುಬ್ಜತೆ ಎರಡೂ ಸೇರಿವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಇದ್ದರೆ ಹಲವು ಸೌಲಭ್ಯ ಕೇಳಬಹುದು. ಬರೀ ಫಿಲ್ಮು ನೋಡಿ ಶೇಕಡಾ ಹಾಕುವುದಿಲ್ಲ, ನಡಿಗೆ, ಕಾಲು ಮಡಚುವುದು ಎಲ್ಲಾ ನೋಡುತ್ತಾರೆ. ಆದ್ದರಿಂದ ರೋಗಿಯೇ ಹೋಗಬೇಕು, ಫಿಲ್ಮೂ ಜೊತೆಗಿರಲಿ.

ಫಿಲ್ಮನ್ನು ಮಡಚಬೇಡಿ, ಒಲೆಯ ಹತ್ತಿರ ಇಡಬೇಡಿ. ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕವರಿನ ಮೇಲೆ ಹೆಸರು, ತಾರೀಖು ಬರೆಯಿರಿ. ಮತ್ತೆ, ಮುಟ್ಟು ನಿಂತಿದ್ದರೆ ಎಕ್ಸ್‌ರೇ ತೆಗೆಯುವ ಮೊದಲೇ ನಾಚಿಕೆ ಬಿಟ್ಟು ಹೇಳಿಬಿಡಿ.