ದುಡಿದವರಿಗೊಂದು ದಿನ

ಪ್ರವಾಸವೆಂದರೆ ನಮ್ಮಂಥ ವಿದ್ಯಾರ್ಥಿಗಳಿಗೆ ಹಬ್ಬ. ಆದರೆ ಪ್ರವಾಸವನ್ನು ಯೋಜಿಸುವದು ಒಂದು ಅಭ್ಯಾಸದ ವಿಷಯವೆಂದು ನಮ್ಮಲ್ಲಿ ಬಹುಶಃ ಯಾರೂ ಬಗೆಯುವದಿಲ್ಲ. ಬಸ್ಸು ಗೊತ್ತುಮಾಡಿದರಾಯಿತು, ಬುತ್ತಿ ಕಟ್ಟಿದರಾಯಿತು ಎಂದು ನಾನೂ ತಿಳಿದಿದ್ದೆ. ಈ ವರ್ಷ ಅಂಥದೊಂದು ಹೊಣೆ ನನ್ನ ಕೊರಳಿಗೆ ಬಿದ್ದಿತು. ಮೊದಲ ಸಲ ನಾನು ಹಾಕಿದ ಯೋಜನೆ ಕೆಟ್ಟಿತು. ಎರಡನೆಯ ಸಲ ದಡ ಹತ್ತಿತು. ಕೆಟ್ಟದ್ದೇಕೆ ಎಂಬದನ್ನು ವಿಚಾರಿಸಿ ನೋಡುವದೇ ಈ ಲೇಖನದ ಉದ್ದೇಶ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯಾದುದರಿಂದ ಅಲ್ಲಲ್ಲಿ ಲೆಕ್ಕ ಇಣುಕುವದು. ವಾಚಕರು ಸಹಿಸಿಕೊಳ್ಳಬೇಕು.

ರಾಷ್ಟ್ರೀಯ ಸೇವಾ ಯೋಜನೆಯು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸಪ್ಟೆಂಬರ 24ರಂದು ಪ್ರಾರಂಭವಾಯಿತು. ಅದರ ಏಳು ದಿನಗಳ ವಿಶೇಷ ಶಿಬಿರವು ನಮ್ಮ ಪಾಲಿಗೆ 2025ರ ನವೆಂಬರದಲ್ಲಿ ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಬಂದಿತು. ಹೆಸರು ಹಚ್ಚಿದವರು 50 ಜನ. ಏಳೂ ದಿನ ನಿಂತು ದುಡಿದವರು 36. ಅವರಲ್ಲಿ 22 ವಿದ್ಯಾರ್ಥಿಗಳು, 14 ವಿದ್ಯಾರ್ಥಿನಿಯರು. ಎಷ್ಟೋ ವರ್ಷಗಳಿಂದ ಹೂಳು ತುಂಬಿ ಹಾಳುಬಿದ್ದ ಒಂದು ಮೆಟ್ಟಿಲಬಾವಿಯನ್ನು ಈ 36 ಜನ ಸಲಿಕೆ ಬುಟ್ಟಿ ಹಿಡಿದು ತೆರವು ಮಾಡಿದರು. ಬಾವಿಯ ಕೆಸರು ಬುಟ್ಟಿಯಿಂದ ಬುಟ್ಟಿಗೆ, ಕೈಯಿಂದ ಕೈಗೆ ಮೇಲೇರಿ ಬರುತ್ತಿರುವಾಗ ನಡುವಿನ ಮೆಟ್ಟಿಲುಗಳಲ್ಲಿ ನಿಂತವರ ಸೊಂಟ ಹೇಗಾಗಿತ್ತೆಂಬದು ನಿಂತವರಿಗೇ ಗೊತ್ತು. ಕೊನೆಯ ದಿನ ಊರ ಹಿರಿಯರು 6,000 ರೂಪಾಯಿಗಳನ್ನು ನಮ್ಮ ಮೇಡಂ ಅವರ ಕೈಯಲ್ಲಿಟ್ಟು, “ಹುಡುಗೂರು ಭಾಳ ದಣದಾವ್ರಿ. ಎಲ್ಲ್ಯರ ಒಂದೀಟು ತಿರುಗ್ಯಾಡಿಸಿಕೊಂಡ ಬರ್ರಿ” ಎಂದರು.

ಯೋಜನೆಗಾಗಿ ಒಂದು ಸಮಿತಿಯಾಯಿತು. ನಮ್ಮ ವರ್ಗದಲ್ಲಿ ನಾಲ್ಕು ತಾಲೂಕುಗಳ ಹುಡುಗರಿದ್ದಾರೆ. ಇಂಡಿಯವರು ಮನೆಯಿಂದ ಬರುವವರು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳವರು ವಸತಿಗೃಹದಲ್ಲಿ ಇರುವವರು. ತಾಲೂಕಿಗೆ ಒಬ್ಬರಂತೆ ನಾಲ್ವರನ್ನು ಆರಿಸಿ, ಎಲ್ಲರಿಗೂ ಪ್ರಾತಿನಿಧ್ಯ ದೊರೆಯಿತೆಂದು ಬೀಗಿದೆವು. ನಾಲ್ವರೂ ಗಂಡುಹುಡುಗರೇ ಎಂಬದು ಯಾರ ಕಣ್ಣಿಗೂ ಬೀಳಲಿಲ್ಲ.

ಸಮಿತಿಯ ಮೊದಲ ಸಭೆ ಎರಡು ತಾಸು ನಡೆಯಿತು. ಮುದ್ದೇಬಿಹಾಳದ ಗೆಳೆಯ ಕೃಷ್ಣೆಯ ದಂಡೆಯ ತಂಗಡಗಿಗೆ ಹೋಗೋಣವೆಂದ. ಸಿಂದಗಿಯವನು ಭೀಮೆಯ ದಂಡೆಯೇ ಸಾಕೆಂದ. ಬಾಗೇವಾಡಿಯವನು ತನ್ನೂರು ಬಸವಣ್ಣನವರ ಜನ್ಮಸ್ಥಳ, ಅದನ್ನು ನೋಡಿ ಆಲಮಟ್ಟಿಗೆ, ಅಲ್ಲಿಂದ ಕೂಡಲಸಂಗಮಕ್ಕೆ ಹೋಗಬಹುದೆಂದ. ಆಲಮಟ್ಟಿಯ ಹೆಸರು ಬಂದೊಡನೆ ಮಿಕ್ಕವೆಲ್ಲ ಹಿಂದೆ ಸರಿದವು. 1964ರ ಮೇ 22ರಂದು ಲಾಲ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು ಅದು. ಅದರ ಜಲಾಶಯಕ್ಕೆ ಅವರದೇ ಹೆಸರು. ಹಿಂದೆ ಬಾಗೇವಾಡಿ ತಾಲೂಕಿನಲ್ಲಿದ್ದ ಊರು ಈಗ ನಿಡಗುಂದಿ ತಾಲೂಕಿಗೆ ಸೇರಿದೆ. ಉದ್ಯಾನಗಳಿವೆ, ಸಂಗೀತ ಕಾರಂಜಿಯಿದೆ. ಕಾರಂಜಿಯ ದೀಪಗಳು ಕಳೆಗಟ್ಟಬೇಕಾದರೆ ಕತ್ತಲಾಗಬೇಕು. ಕತ್ತಲಾದ ಮೇಲೆ ಅಷ್ಟು ದೂರದಿಂದ ಇಂಡಿಗೆ ಮರಳುವದು ಆಗದ ಮಾತು. ಆದುದರಿಂದ ಶನಿವಾರ ಹೋಗಿ ಒಂದು ರಾತ್ರಿ ಉಳಿದು ಆದಿತ್ಯವಾರ ಸಂಜೆ ಬರುವದೆಂದು ಗೊತ್ತಾಯಿತು. ಬಾಡಿಗೆಯ ಸಣ್ಣ ಬಸ್ಸು, ಇಳಿದುಕೊಳ್ಳುವ ಕೋಣೆಗಳು, ನಾಲ್ಕು ಹೊತ್ತಿನ ಊಟ ಎಲ್ಲ ಕೂಡಿ 24,000 ರೂಪಾಯಿ. ಕೈಯಲ್ಲಿದ್ದ 6,000 ಕಳೆದರೆ 18,000. ತಲೆಗೆ 500. ಲೆಕ್ಕ ಎಷ್ಟು ಸರಳವಾಗಿ ಬಿಡಿಸಿತೆಂದು ನನಗೇ ಸಂತೋಷವಾಯಿತು.

ಫಲಕದ ಮೇಲೆ ಸೂಚನೆ ಹಚ್ಚಿದೆವು. ಮೊದಲ ದಿನವೇ ಹೆಸರು ಬರೆದವರಲ್ಲಿ ಬಾವಿಯ ಒಂದು ಮೆಟ್ಟಿಲನ್ನೂ ಇಳಿಯದೆ ಭಾವಚಿತ್ರ ತೆಗೆಯುವಾಗ ಮಾತ್ರ ಸಲಿಕೆ ಹಿಡಿದ ಮಹನೀಯರಿದ್ದರು. ಏಳು ದಿನ ದುಡಿದ 36 ಜನರಲ್ಲಿ ಹೆಸರು ಕೊಟ್ಟವರು 17 ಮಾತ್ರ. ಅವರಲ್ಲಿ ವಿದ್ಯಾರ್ಥಿನಿಯರು ಇಬ್ಬರು. ನನಗೆ ಸಿಟ್ಟು ಬಂದಿತು. ಇವರಿಗಾಗಿ ಇಷ್ಟು ಮಾಡಿದರೆ ಇವರಿಗೆ ಬೇಡವೇ ಎಂದುಕೊಂಡೆ. ಆ ಸಿಟ್ಟಿನಲ್ಲಿಯೇ ಒಬ್ಬೊಬ್ಬರನ್ನು ಕೇಳುತ್ತ ಹೋದೆ.

ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತ ಗೆಳೆಯನೊಬ್ಬನಿದ್ದಾನೆ. ಶನಿವಾರ ಮಧ್ಯಾಹ್ನದಿಂದ ಅವನು ನಿಂಬೆಯ ತೋಟದಲ್ಲಿ ಕಾಯಿ ಹರಿಯಲು ಹೋಗುತ್ತಾನೆ. ಆದಿತ್ಯವಾರ ಪೂರ್ತಿ ಅದೇ ಕೆಲಸ. “ಐದನೂರು ಕೊಡಬೇಕು, ನಾಕನೂರು ಕೂಲಿ ಬಿಡಬೇಕು. ಒಂಬೈನೂರು ರೂಪಾಯಿದು ಬಹುಮಾನ ನನಗ ತಡಕೊಳ್ಳಲಿಕ್ಕೆ ಆಗೂದಿಲ್ಲೋ” ಎಂದು ನಕ್ಕುಬಿಟ್ಟ. ನಾಲ್ಕು ತಾಸು ಕುಳಿತು ನಾನು ಮಾಡಿದ ಲೆಕ್ಕದಲ್ಲಿ ಆ 400 ಇರಲೇ ಇಲ್ಲ. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಅವಕಾಶ ವೆಚ್ಚವೆಂದು ಹೆಸರು. ಅದರ ಮೇಲಿನ ಪ್ರಶ್ನೆಗೆ ನಾನು ಪರೀಕ್ಷೆಯಲ್ಲಿ ಒಳ್ಳೆಯ ಗುಣ ಪಡೆದಿದ್ದೆ!

ವಿದ್ಯಾರ್ಥಿನಿಯರ ಉತ್ತರ ಇನ್ನೂ ಚಿಕ್ಕದು. “ರಾತ್ರಿ ಉಳಿಯೂದಂದ್ರ ಮನ್ಯಾಗ ಕೇಳಾಕೂ ಆಗೂದಿಲ್ಲ” ಎಂದರು. ಶಿಬಿರದ ಏಳು ದಿನವೂ ಅವರು ಹಗಲು ದುಡಿದು ಸಂಜೆಯ ಬಸ್ಸಿಗೆ ಮನೆಗೆ ಹೋಗಿ ಮುಂಜಾನೆ ಮೊದಲ ಬಸ್ಸಿಗೆ ಬಂದಿದ್ದರೆಂಬದು ನನಗೆ ಆಗ ನೆನಪಾಯಿತು. ಸಮಿತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಿದ್ದರೆ ಮೊದಲ ಹತ್ತು ನಿಮಿಷದಲ್ಲಿ ಈ ಮಾತು ಬರುತ್ತಿತ್ತು.

ಇದೆಲ್ಲದರ ನಡುವೆ ಡಿಸೆಂಬರ 19ರಂದು ಎಳ್ಳಮಾವಾಸ್ಯೆ ಬಂದಿತು. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಆ ದಿನ ಊರಲ್ಲಿ ಉಳಿಯುವವರು ಕಡಿಮೆ. ಹಿಂಗಾರಿ ಜೋಳ ಎದೆಯೆತ್ತರ ನಿಂತಿರುತ್ತದೆ. ಸಜ್ಜೆಯ ರೊಟ್ಟಿ, ಕಡುಬು, ಶೇಂಗಾದ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಚಟ್ನಿ, ಗಟ್ಟಿ ಮೊಸರು ಇವುಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ ಉಣ್ಣುವದು ರೂಢಿ. ನಮ್ಮ ಮನೆಯ ಆಳಮಕ್ಕಳು ತಮ್ಮ ಮಕ್ಕಳು ಮರಿಗಳೊಡನೆ ನಮ್ಮ ಗಾಡಿಯಲ್ಲಿಯೇ ಬಂದರು. ಕೆಲವರು ಈಗ ಟ್ರ್ಯಾಕ್ಟರ ಹೊಡೆಯುತ್ತಾರೆ, ಬುತ್ತಿ ಮಾತ್ರ ಅದೇ. ಉಂಡು ಬೇವಿನ ನೆರಳಲ್ಲಿ ಕುಳಿತಾಗ ಪ್ರವಾಸಕ್ಕೆ ಜನ ಬರುತ್ತಿಲ್ಲವೆಂದು ನಾನು ಅವ್ವನ ಮುಂದೆ ಗೊಣಗಿದೆ. ಅವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತ, “ಆಳಮಕ್ಕಳಿಗೆ ಹೊಲಕ್ಕ ಬರ್ರಿ, ಬರೂ ಮುಂದ ಐದನೂರು ರೂಪಾಯಿ ತಗೊಂಡ ಬರ್ರಿ ಅಂತ ಯಾರರ ಕರದಾರೇನೊ?” ಎಂದಳು.

ಎಳ್ಳಮಾವಾಸ್ಯೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿದ್ದೇನೆ. ಅದೊಂದು ಯೋಜನೆಯೆಂದು ನೋಡಿದ್ದು ಅಂದೇ. ದುಡಿದವನ ಬಾಗಿಲಿಗೆ ಗಾಡಿ ಹೋಗುತ್ತದೆ. ದುಡಿದ ನೆಲಕ್ಕೇ ಕರೆದೊಯ್ಯುತ್ತಾರೆ. ಆದರೆ ಅಂದು ಅಲ್ಲಿ ಕುರ್ಚಿಗಿ ಹಿಡಿಯುವದಿಲ್ಲ. ಹೆಂಗಸರು ಮಕ್ಕಳು ಕೂಡಿಯೇ ಹೋಗುವದರಿಂದ ಯಾರೂ ಯಾರ ಅಪ್ಪಣೆಯನ್ನೂ ಬೇಡುವದಿಲ್ಲ. ಹೊತ್ತು ಮುಳುಗುವದರೊಳಗೆ ಮನೆ. ಖರ್ಚು ಕರೆದವನದು. ಎಲ್ಲ ಮನೆಗಳಲ್ಲಿಯೂ ಇದು ಒಂದೇ ಸಮ ನಡೆಯುತ್ತದೆಂದು ನಾನು ಹೇಳಲಾರೆ. ಒಂದು ಹೊತ್ತಿನ ಹೋಳಿಗೆ ವರ್ಷದ ಕೂಲಿಯ ಕೊರತೆಯನ್ನು ತುಂಬುವದೂ ಇಲ್ಲ. ಆದರೂ ರಚನೆ ಸರಿಯಾಗಿದೆ.

ವಾಚನಾಲಯದಲ್ಲಿ ಹುಡುಕಿದಾಗ ಹೊರಗಿನ ಎರಡು ಸಂಗತಿಗಳು ಇದಕ್ಕೆ ಹೊಂದಿದವು. 1841ರ ಜುಲೈ 5ರಂದು ಇಂಗ್ಲಂಡದಲ್ಲಿ ಥಾಮಸ್ ಕುಕ್ ಎಂಬವನು ಸುಮಾರು 500 ಜನರನ್ನು ಲೆಸ್ಟರದಿಂದ ಲಾಫ್‌ಬರೊಕ್ಕೆ ರೈಲಿನಲ್ಲಿ ಕರೆದೊಯ್ದ. ಕುಡಿತ ಬಿಡಿಸುವ ಚಳುವಳಿಯ ಸಭೆಗಾಗಿ ಹೊರಟ ಜನ ಅವರು. ತಲೆಗೆ ಒಂದು ಶಿಲ್ಲಿಂಗು. ಸಾಮಾನ್ಯ ಜನರ ಸಂಘಟಿತ ಪ್ರವಾಸಗಳ ಇತಿಹಾಸ ಅಲ್ಲಿಂದ ಎಣಿಸುವವರುಂಟು. ದರ ಇಷ್ಟೇ ಎಂದು ಹೊರಡುವ ಮೊದಲೇ ಗೊತ್ತಾಗಿದ್ದುದು ಅದರ ಗುಟ್ಟು. ಇನ್ನೊಂದು ನಮ್ಮ ಹಳೆಯ ಮುಂಬಯಿ ಇಲಾಖೆಯದೇ. ಗಿರಣಿಯ ಕೆಲಸಗಾರರಿಗೆ ವಾರದ ರಜೆಯೇ ಇಲ್ಲದಿರುವಾಗ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಆದಿತ್ಯವಾರದ ರಜೆ ದೊರಕಿಸಿದರು. 1891ರ ಕಾರಖಾನೆ ಕಾಯಿದೆ ವಾರದ ರಜೆಯನ್ನು ಕಡ್ಡಾಯ ಮಾಡಿತು. ಗಿರಣಿಗೆ ಬಂದ ಆದಿತ್ಯವಾರ ಹೊಲಕ್ಕೆ ಬರಲಿಲ್ಲ. ಹೊಲದವರ ರಜೆ ಬೇರೆ: ಸೋಮವಾರ ಎತ್ತು ಹೂಡುವದಿಲ್ಲ, ಅಮಾವಾಸ್ಯೆ ಹೂಡುವದಿಲ್ಲ. ಇಲ್ಲಿಯೇ ನನಗೆ ದಾರಿ ಕಂಡಿತು. 2026ರ ಜನವರಿ 18, ಪುಷ್ಯದ ಅಮಾವಾಸ್ಯೆ, ಆದಿತ್ಯವಾರವೇ ಬಂದಿತ್ತು. ನಿಂಬೆಯ ತೋಟದ ಗೆಳೆಯನನ್ನು ಕೇಳಿದೆ. “ಅಮಾಸಿ ದಿನ ನಮ್ಮ ಗೌಡ್ರು ಕರಿಯೂದಿಲ್ಲ, ಖಾಲಿನ ಇರ್ತೀನಿ” ಎಂದ. ದಿನ ನಿಂತಿತು.

ಸಮಿತಿಗೆ ಇಬ್ಬರು ವಿದ್ಯಾರ್ಥಿನಿಯರು ಸೇರಿದರು. ಅವರ ಮೊದಲ ಪ್ರಶ್ನೆ, “ಆಯಿಗೆ ಹೇಳೀರೇನು?” ಶಿಬಿರದಲ್ಲಿ ಏಳು ದಿನ ಐವತ್ತು ಜನರ ಅಡಿಗೆ ಮಾಡಿದ ಆಯಿಯನ್ನು, ಸಾಮಾನು ಹೊತ್ತು ತಂದ ಸಿಪಾಯಿ ಕಾಕಾನನ್ನು ನಾವು ಮರೆತೇಬಿಟ್ಟಿದ್ದೆವು. ಇಬ್ಬರ ಹೆಸರೂ ಪಟ್ಟಿಯ ಮೇಲ್ತುದಿಗೆ ಬಂದವು. ಆಯಿ ಬರುವದಾದರೆ ಆಕೆ ಅಂದು ಒಲೆ ಹಚ್ಚಕೂಡದು. ಆದುದರಿಂದ ರೊಟ್ಟಿ ಹೋಳಿಗೆಗಳನ್ನು ಕೊಂಡು ತರುವದೆಂದಾಯಿತು. ಬಾಡಿಗೆಯ ಬಸ್ಸು ಬೇಡ, ಸರ್ಕಾರಿ ಬಸ್ಸೇ ಸಾಕೆಂಬದೂ ಅವರದೇ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಟಿಕೀಟಿಗೆ ಹಣವಿಲ್ಲ. ಬಾಡಿಗೆಯ ಬಸ್ಸಿನಲ್ಲಿ ಆ ಸವಲತ್ತನ್ನು ನಾವೇ ಕಳೆದುಕೊಳ್ಳುತ್ತಿದ್ದೆವು.

ಸ್ಥಳದ ಮಾತು. ಹಗಲಲ್ಲಿ ಹೋಗಿ ಬರುವಂತಿರಬೇಕು, ಹೊಸದೂ ಇರಬೇಕು. ಇಂಡಿಯ ನೆರೆಯಲ್ಲಿ ಸಾಲೋಟಗಿಯಿದೆ. ನೂರು ಸಲ ಆ ಹಾದಿ ಹಿಡಿದವರೂ ನಮ್ಮಲ್ಲಿದ್ದರು. ಆದರೆ ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳಿಕೆಯಲ್ಲಿ, ಪಾವಿಟ್ಟಗೆಯೆಂಬ ಹೆಸರಿನ ಇದೇ ಊರಲ್ಲಿ ಒಂದು ಮಹಾವಿದ್ಯಾಲಯವಿತ್ತೆಂಬದು ಇತಿಹಾಸದ ಗುರುಗಳು ಹೇಳುವವರೆಗೆ ನಮಗೆ ತಿಳಿದಿರಲಿಲ್ಲ. ಅರಸನ ಮಂತ್ರಿ ನಾರಾಯಣನು ಶಾಲೆ ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದವು. ದೀಪದ ಎಣ್ಣೆಗೆಂದೇ ಭೂಮಿ ಬಿಟ್ಟಿದ್ದರು. ಊರವರು ಮದುವೆ ಮುಂಜಿವೆಗಳಲ್ಲಿ ಶಾಲೆಗೆ ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯಿತ್ತು. ವಸತಿಗೃಹದ ನಮ್ಮ ಗೆಳೆಯರು 27 ಮನೆಗಳ ಮಾತು ಕೇಳಿ, ಅಲ್ಲಿ ಊಟ ಹೇಗಿತ್ತೆಂದು ಶಾಸನದಲ್ಲಿ ಬರೆದಿದೆಯೇ ಎಂದು ಗುರುಗಳನ್ನು ಕಾಡಿದರು.

36ರಲ್ಲಿ 34 ಜನ ಬಂದರು. ಮುಂಜಾನೆ ಗುರುಗಳು ಊರಲ್ಲಿ ತಿರುಗಾಡಿಸಿ ಇದನ್ನೆಲ್ಲ ಹೇಳಿದರು. ಮಧ್ಯಾಹ್ನ ಗೆಳೆಯನೊಬ್ಬನ ಸೋದರಮಾವನ ಹೊಲದಲ್ಲಿ ಸೀತನಿ. ಕುಳ್ಳಿನ ಕೆಂಡದಲ್ಲಿ ಎಳೆಯ ತೆನೆ ಸುಟ್ಟು, ಬಡಿದು, ಬಿಸಿಬಿಸಿ ಹಸಿರು ಕಾಳನ್ನು ಬೆಲ್ಲ ಶೇಂಗಾ ಚಟ್ನಿಗಳೊಡನೆ ತಿನ್ನುವ ಸುಖವನ್ನು ಬರೆದು ತೋರಿಸುವದು ನನ್ನಿಂದಾಗದು. ಆಯಿಯನ್ನು ಕಂಬಳಿಯ ಮೇಲೆ ಕೂಡ್ರಿಸಿ ಹುಡುಗರೇ ಬಡಿಸಿದರು. ಆಕೆ ಎರಡು ಸಲ ಎದ್ದು ಹೋಗಿ ಕೆಂಡ ಕೆದಕಲು ನೋಡಿದಳು. ಎರಡು ಸಲವೂ ಹಿಡಿದು ತಂದೆವು. ಹಗ್ಗಜಗ್ಗಾಟದಲ್ಲಿ ಸಿಂದಗಿ-ಇಂಡಿಯವರು ಮುದ್ದೇಬಿಹಾಳ-ಬಾಗೇವಾಡಿಯವರಿಗೆ ಸೋತರು. ಆಲಮಟ್ಟಿ ತಪ್ಪಿತೆಂದು ಸಂಜೆಯವರೆಗೂ ಮುಖ ಊದಿಸಿಕೊಂಡವರು ಇಬ್ಬರಿದ್ದರು. ಅವರ ಆಸೆ ತಪ್ಪೆಂದು ನಾನು ಹೇಳುವದಿಲ್ಲ.

ಒಂದು ಸಂಗತಿ ಮಾತ್ರ ನನಗೆ ಈಗಲೂ ಬಗೆಹರಿದಿಲ್ಲ. ಶಿಬಿರದಲ್ಲಿ ಎರಡು ದಿನ ಜೀವಬಿಟ್ಟು ದುಡಿದು ಮೂರನೆಯ ದಿನ ಜ್ವರ ಬಂದು ಮನೆಗೆ ಹೋದ ಹುಡುಗನೊಬ್ಬ, ತಾನೂ ಬರಲೇ ಎಂದು ಕೇಳಿದ. ಏಳು ದಿನ ದುಡಿದವರಿಗೆ ಮಾತ್ರವೆಂಬ ನಿಯಮ ನಾನೇ ಮಾಡಿದ್ದು. ಅವನೊಬ್ಬನನ್ನು ಬಿಟ್ಟರೆ ಭಾವಚಿತ್ರದ ಮಹನೀಯರೂ ಬರುವರೆಂದು ಹೆದರಿ ಇಲ್ಲವೆಂದೆ. ಅಂದು ಸಂಜೆ ಕರವಸ್ತ್ರದಲ್ಲಿ ಕಟ್ಟಿದ ಸೀತನಿಯನ್ನು ಅವನ ಕೋಣೆಗೆ ಒಯ್ದೆ. ಅವನು ತೆಗೆದುಕೊಂಡು, “ಬಾವ್ಯಾಗ ನೀರು ಬಂದಾವೇನೊ?” ಎಂದು ಕೇಳಿದ. ಬಂದಿವೆ ಎಂದೆ.

ಖರ್ಚಿನ ವಿವರ ಗುರುಗಳು ಕೇಳಿದ್ದಾರೆ. 13 ವಿದ್ಯಾರ್ಥಿನಿಯರು, ಮೇಡಂ, ಆಯಿ ಇವರಿಗೆ ಟಿಕೀಟಿನ ಹಣವಿಲ್ಲ. ಗಂಡಸರು 23 ಜನರಿಗೆ ಹೋಗಿ ಬರಲು 690. ರೊಟ್ಟಿ 160ಕ್ಕೆ 1,280. ಹೋಳಿಗೆ 80ಕ್ಕೆ 960. ಮೊಸರು, ಪಲ್ಯ, ಚಟ್ನಿ, ಬೆಲ್ಲ 1,450. ಹಗ್ಗ ಮತ್ತು ಚೆಂಡು 300. ಕುಡಿಯುವ ನೀರು 200. ಹೊಲದವರು ಸೀತನಿಗೆ ಬಿಡಿಕಾಸೂ ಮುಟ್ಟಲಿಲ್ಲ. ಒಟ್ಟು 4,880. ಉಳಿದ 1,120 ರೂಪಾಯಿಗಳಲ್ಲಿ, ಶಿಬಿರದಲ್ಲಿ ನಮ್ಮ ಕೈಯಲ್ಲಿ ಮುರಿದ ಊರವರ ಸಲಿಕೆಗಳಿಗೆ ಹೊಸ ಕಾವು ಹಾಕಿಸಿ ಕೊಟ್ಟಿದ್ದೇವೆ. ಮಿಕ್ಕದ್ದು ಮೇಡಂ ಅವರ ಹತ್ತಿರವಿದೆ.