ಮಲಗಿದ ಮುಳ್ಳು

ಪಿಕಪ್ ಗಾಡಿಯ ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬಿತ್ತೆಂದು ಹೊಳಲ್ಕೆರೆ ಕಡೆ ಯಾರೂ ಬಾಡಿಗೆ ಬಿಡುವುದಿಲ್ಲ. ಎಂಜಿನ್ ಓಡುತ್ತದೆ, ಬ್ರೇಕ್ ಹಿಡಿಯುತ್ತದೆ, ಅಡಿಕೆ ಚೀಲ ಭೀಮಸಮುದ್ರ ಮುಟ್ಟುತ್ತದೆ. ಮೀಟರು ಯಾರಿಗೆ ಬೇಕು? ನನಗೆ ಬೇಕಿತ್ತು. ನನ್ನ ಬಾಡಿಗೆ ಕಿಲೋಮೀಟರ್ ಲೆಕ್ಕದ್ದು, ಆಯಿಲ್ ಬದಲಿಸುವುದೂ ಅದರ ಮೇಲೆಯೇ. ಮುಳ್ಳು ಮಲಗಿದರೆ ಓಡಿದ ಕಿಲೋಮೀಟರೂ ಏರುವುದಿಲ್ಲ. ಡೀಸೆಲ್ ಬಿಲ್ಲು ಹಿಡಿದು ಅಂದಾಜು ಮಾಡುತ್ತ ಕೂರಬೇಕು. (ಮಾರುವ ಮುಂಚೆ ಬೇಕೆಂದೇ ಸೆನ್ಸರಿನ ವೈರ್ ಕಳಚಿ ಓಡಿಸುವವರೂ ಇದ್ದಾರೆ. ಹಳೇ ಗಾಡಿ ಕೊಳ್ಳುವವರು ಮೀಟರಿನ ಜತೆಗೆ ಕ್ಲಚ್ ಪೆಡಲಿನ ರಬ್ಬರನ್ನೂ ನೋಡುವುದು ಒಳ್ಳೆಯದು.)

ಮೊದಲೆಲ್ಲ ಗೇರ್ ಬಾಕ್ಸಿನಿಂದ ಮೀಟರಿನವರೆಗೆ ಕೇಬಲ್ ಇರುತ್ತಿತ್ತು. ಅದು ತುಂಡಾದರೆ ಇನ್ನೊಂದು ಹಾಕಿದರೆ ಮುಗಿಯಿತು. ನನ್ನ ಗಾಡಿಯಲ್ಲಿ ಆ ಜಾಗಕ್ಕೆ ಹೆಬ್ಬೆರಳ ಗಾತ್ರದ ಸೆನ್ಸರ್ ಬಂದಿದೆ. ಅದರ ತುದಿಯ ಪ್ಲಾಸ್ಟಿಕ್ ಗೇರನ್ನು ಗೇರ್ ಬಾಕ್ಸ್ ತಿರುಗಿಸುತ್ತದೆ, ಒಳಗಿನ ಅಯಸ್ಕಾಂತ ಸುತ್ತಿದಂತೆಲ್ಲ ವೈರಿನಲ್ಲಿ ಸಿಗ್ನಲ್ ಬಂದು ಬಂದು ಹೋಗುತ್ತದೆ. ಆ ಎಣಿಕೆಯೇ ವೇಗ. ಇರುವುದು ಮೂರೇ ವೈರು: ಸಪ್ಲೈ, ಅರ್ತ್, ಸಿಗ್ನಲ್. ಎಬಿಎಸ್ ಇರುವ ಎಷ್ಟೋ ಕಾರುಗಳಲ್ಲಿ ಇದೂ ಇಲ್ಲ, ಚಕ್ರದ ಸೆನ್ಸರುಗಳೇ ವೇಗ ಹೇಳುತ್ತವೆ.

ಸ್ಕ್ಯಾನರ್ ಹಾಕಿದಾಗ ಪಿ 0500 ಬಂತು. ವೇಗದ ಸಿಗ್ನಲ್ ಸರಿಯಿಲ್ಲ ಎಂದಷ್ಟೇ ಅದರ ಅರ್ಥ. ಎಲ್ಲಿ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಆದರೂ ಪರದೆಯಲ್ಲಿ ಸ್ಪೀಡ್ ಸೆನ್ಸರ್ ಎಂಬ ಹೆಸರು ಕಂಡ ಕೂಡಲೇ ಬಿಡಿಭಾಗದ ಅಂಗಡಿಗೆ ಓಡುವವರೇ ಜಾಸ್ತಿ. ನಾನು ಮೊದಲು ವೈರಿಂಗ್ ಹುಡುಗನ ಹತ್ತಿರ ಹೋದೆ. ಅಡಿಕೆ ಗೋದಾಮಿನ ಪಕ್ಕ ನಿಲ್ಲುವ ಗಾಡಿ, ಇಲಿ ಕಡಿದಿರಬೇಕೆಂದು ನನ್ನ ಗುಮಾನಿ.

ಅವನು ಸೆನ್ಸರ್ ಮುಟ್ಟಲೇ ಇಲ್ಲ. “ಅಣ್ಣಾ, ಗವರ್ನರ್ ವೈರ್ ಎಲ್ಲಿ ಜಾಯಿಂಟ್ ಕೊಟ್ಟಿದಾರೆ?” ಎಂದ. ಸರಕು ಗಾಡಿಗಳಿಗೆ 80 ಕಿ.ಮೀ. ದಾಟದಂತೆ ಹಾಕುವ ಸ್ಪೀಡ್ ಗವರ್ನರ್ ಕೂಡ ವೇಗ ತಿಳಿಯುವುದು ಅದೇ ಸಿಗ್ನಲ್ ವೈರಿನಿಂದ. ಎಫ್‌ಸಿ ಹೊತ್ತಿಗೆ ಹಾಕಿಸುವಾಗ ವೈರಿನ ತೊಗಟೆ ಸುಲಿದು, ಹೊಸ ತಂತಿ ಸುತ್ತಿ, ಟೇಪ್ ಹಚ್ಚಿ ಬಿಟ್ಟಿರುತ್ತಾರೆ. ಹುಡುಗ ಬ್ಲೇಡಿನಲ್ಲಿ ಟೇಪ್ ಸೀಳಿದ. ಒಳಗಿನ ತಾಮ್ರವೆಲ್ಲ ಹಸಿರು ಕಿಲುಬು ಹಿಡಿದು, ಎರಡೋ ಮೂರೋ ಎಳೆ ಮಾತ್ರ ಉಳಿದಿದ್ದವು. ಬೆರಳು ತಾಗಿದ್ದಕ್ಕೆ ಅವೂ ಕಡಿದವು. ಕತ್ತರಿಸಿ, ಕೆರೆದು, ಬೆಸುಗೆ ಹಾಕಿ ಸ್ಲೀವ್ ಏರಿಸಿದ. ಮುಳ್ಳು ಎದ್ದಿತು.

ಭೀಮಸಮುದ್ರ ಮುಟ್ಟುವ ಮುಂಚೆ ಮತ್ತೆ ಮಲಗಿತು. ಬೆಳಗ್ಗೆ ಗಾಡಿ ತಣ್ಣಗಿದ್ದಾಗ ಸರಿ, ಗೇರ್ ಬಾಕ್ಸ್ ಕಾದ ಮೇಲೆ ಇಲ್ಲ. ಹಾಗಾಗಿ ಕಾದಾಗಲೇ ನೋಡಬೇಕಿತ್ತು. ಹ್ಯಾಂಡ್ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ತಿರುಗುವುದಿಲ್ಲವಾದ್ದರಿಂದ ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಒಂದು ಚಕ್ರ ಎತ್ತಿದೆವು. ಬರೀ ಜಾಕ್ ನಂಬಿ ಅಡಿಗೆ ನುಗ್ಗುವುದು ಬೇಡವೆಂದು ಸ್ಟ್ಯಾಂಡ್ ಕೊಟ್ಟೆವು. ಕೀ ಆನ್. ಕಪ್ಲರಿನ ಹಿಂಬದಿಯಿಂದ ಪಿನ್ ತೂರಿಸಿ ಮಲ್ಟಿಮೀಟರ್ ಹಿಡಿದರೆ ಸಪ್ಲೈ 12 ವೋಲ್ಟ್, ಅರ್ತ್ ಸರಿ. ಚಕ್ರ ನಿಧಾನ ತಿರುಗಿಸಿದರೆ ಸಿಗ್ನಲ್ ಏರಿಳಿಯಬೇಕು. ಅದು ಮಾತ್ರ ಅಲ್ಲಾಡಲಿಲ್ಲ.

ಪ್ಲಾಸ್ಟಿಕ್ ಗೇರ್ ಸವೆದಿದ್ದರೂ ಹೀಗೇ ಆಗುತ್ತದೆ. ಅದಕ್ಕೆ ಸೆನ್ಸರ್ ಬಿಚ್ಚಿ, ಕಪ್ಲರ್ ಕಳಚದೆ, ಗೇರನ್ನು ಬೆರಳಲ್ಲೇ ತಿರುಗಿಸಿ ನೋಡಿದೆವು. ಹಲ್ಲು ಗಟ್ಟಿಯಿದ್ದವು, ಸಿಗ್ನಲ್ ಇಲ್ಲ. ತಣ್ಣಗಾಗಲು ಬಿಟ್ಟು ತಿರುಗಿಸಿದರೆ ಬಂತು! ಹುಡುಗ ಚಹಾ ಅಂಗಡಿಯಿಂದ ಬಿಸಿನೀರು ತಂದು, ಸೆನ್ಸರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಅದ್ದಿದ. ಕಾದ ಮೇಲೆ ಸಿಗ್ನಲ್ ಮತ್ತೆ ಹೋಯಿತು. ಒಳಗಿನ ಚಿಪ್ ಬಿಸಿ ತಡೆಯುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ದುಡ್ಡು ಬಿಚ್ಚಿದ್ದು.

ಹಳೇದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು. ಕಪ್ಲರ್ ಕೂತರೆ ಸಾಲದು, ಗೇರಿನ ಹಲ್ಲುಗಳ ಲೆಕ್ಕವೂ ಕೂಡಬೇಕು. ಒಂದು ಹಲ್ಲು ಹೆಚ್ಚುಕಮ್ಮಿಯಾದರೂ ಮೀಟರು ಸುಳ್ಳು ಹೇಳುತ್ತದೆ. ನಮ್ಮ ರಸ್ತೆಯಲ್ಲಿ ಅದಿರು ಲಾರಿಗಳ ಕೆಂಧೂಳು ಗೇರ್ ಬಾಕ್ಸಿನ ಮೇಲೆ ಹೆಪ್ಪುಗಟ್ಟಿರುತ್ತದೆ. ಬಿಚ್ಚುವ ಮುಂಚೆಯೇ ಸುತ್ತ ಒರೆಸಿಕೊಂಡಿದ್ದೆವು, ಇಲ್ಲದಿದ್ದರೆ ಆ ಮಣ್ಣೆಲ್ಲ ತೂತಿನೊಳಗೆ. ಹೊಸ ಓ-ರಿಂಗಿಗೆ ಗೇರ್ ಆಯಿಲ್ ಸವರಿ ಕೂರಿಸಿ, ಬೋಲ್ಟನ್ನು ಹದವಾಗಿ ಬಿಗಿದೆವು. ಮೈ ಪ್ಲಾಸ್ಟಿಕ್ಕಿನದು, ಬಲ ಹಾಕಿದರೆ ಸೀಳುತ್ತದೆ.

ಕೋಡ್ ಅಳಿಸಿ ಶಿವಮೊಗ್ಗ ರಸ್ತೆಯಲ್ಲಿ ಗಾಡಿ ಕಾಯುವಷ್ಟು ದೂರ ಓಡಿಸಿದೆ. ಮೀಟರು 60 ತೋರಿಸುವಾಗ ಫೋನಿನ ಜಿಪಿಎಸ್ 57 ಎನ್ನುತ್ತಿತ್ತು. ಮೀಟರು ನಿಜ ವೇಗಕ್ಕಿಂತ ಕಡಿಮೆ ತೋರಿಸಬಾರದು, ತುಸು ಹೆಚ್ಚು ತೋರಿಸಿದರೆ ತಕರಾರಿಲ್ಲ. ಕಂಪನಿಗಳೇ ಹಾಗೆ ಇಟ್ಟಿರುತ್ತವೆ. ಹಾಗೇ ಬಿಟ್ಟೆ.