‘ಪ್ರಾಮಲ್ಗೇಟ್’: ಒಂದು ಇಂಗ್ಲಿಷ್ ಕ್ರಿಯಾಪದದ ಅರ್ಥ ಮತ್ತು ಪ್ರಯೋಗ

‘ತಿಳಿಯಪಡಿಸುವುದು’ ಎಂಬ ಒಂದು ಕ್ರಿಯೆಗೆ ಇಂಗ್ಲಿಷಿನಲ್ಲಿ ಹಲವು ಪದಗಳುಂಟು. ಶಾಲೆಯ ರಜೆಯ ಸುದ್ದಿಯನ್ನು ಹೇಳುವುದು ‘ಅನೌನ್ಸ್’. ಪಂದ್ಯದಲ್ಲಿ ಗೆದ್ದವರಾರೆಂದು ನಿರ್ಣಯಿಸಿ ಹೇಳುವುದು ‘ಡಿಕ್ಲೇರ್’. ನಾಲ್ಕು ಜನರ ನಡುವೆ ಎತ್ತಿದ ದನಿಯಲ್ಲಿ ಸಾರುವುದು ‘ಪ್ರೊಕ್ಲೇಮ್’. ಈ ಮೂರನೆಯದರ ಅರ್ಥವನ್ನು ತಿರ್ಲಾಪುರದಂಥ ಊರಿನವರಿಗೆ ನಿಘಂಟು ತೆರೆದು ತೋರಿಸಬೇಕಾಗಿಲ್ಲ, ಡಂಗುರವೆಂದರೆ ಸಾಕು. ನ್ಯಾಯಾಲಯವು ಹೊಲವನ್ನು ಜಪ್ತಿ ಮಾಡಿದಾಗ ಆ ಆಜ್ಞೆಯನ್ನು ಹೊಲದಲ್ಲಿಯೋ ಅದರ ಸಮೀಪದಲ್ಲಿಯೋ ಡಂಗುರ ಹೊಡೆದು, ಇಲ್ಲವೆ ಸ್ಥಳದ ರೂಢಿಯಂತೆ, ಸಾರಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ವಿಧಿಸಿದೆ.

‘ಪ್ರಾಮಲ್ಗೇಟ್’ ಇವೆಲ್ಲಕ್ಕಿಂತ ಗಂಭೀರವಾದ ಪದ. ಅಧಿಕಾರವುಳ್ಳವರು ಕಾಯಿದೆಯನ್ನಾಗಲಿ ಆಜ್ಞೆಯನ್ನಾಗಲಿ ವಿಧಿವತ್ತಾಗಿ ಜನರಿಗೆ ತಿಳಿಯಪಡಿಸಿ ಜಾರಿಗೆ ತರುವುದೇ ಇದರ ಮುಖ್ಯಾರ್ಥ. ತತ್ತ್ವ ಸಿದ್ಧಾಂತಗಳ ಪ್ರಸಾರಕ್ಕೂ ಇದನ್ನು ಬಳಸುವುದುಂಟು. ನಮ್ಮ ಸಂವಿಧಾನದ 123ನೆಯ ಅನುಚ್ಛೇದದಲ್ಲಿ ರಾಷ್ಟ್ರಪತಿಗಳೂ 213ನೆಯದರಲ್ಲಿ ರಾಜ್ಯಪಾಲರೂ ಸುಗ್ರೀವಾಜ್ಞೆಯನ್ನು ಹೊರಡಿಸುವ ಸಂದರ್ಭಕ್ಕೆ ಆಯ್ದುಕೊಂಡಿರುವುದು ಈ ಪದವನ್ನೇ. ಮುಖ್ಯೋಪಾಧ್ಯಾಯರು ರಜೆಯನ್ನು ‘ಪ್ರಾಮಲ್ಗೇಟ್’ ಮಾಡಿದರೆಂದು ವಿದ್ಯಾರ್ಥಿಯೊಬ್ಬನು ಬರೆದರೆ ವ್ಯಾಕರಣವೇನೋ ಕೆಡದು. ಓದಿದವರು ಮಾತ್ರ ನಗುವರು.

ಈ ಪದದ ತೂಕವನ್ನು ಅರಿಯಲು ಹರ್ಲಾ ಮೊಕದ್ದಮೆಯನ್ನು ನೋಡಬೇಕು. 1923ರಲ್ಲಿ ಜಯಪುರ ಸಂಸ್ಥಾನದ ಮಂತ್ರಿಮಂಡಲವು ಅಫೀಮು ಕಾಯಿದೆಯೊಂದನ್ನು ಠರಾವಿನ ಮೂಲಕ ಅಂಗೀಕರಿಸಿತು. ಅದನ್ನು ಗೆಜೆಟ್ಟಿನಲ್ಲಿ ಪ್ರಕಟಿಸಲಿಲ್ಲ. ಬೇರಾವ ರೀತಿಯಿಂದಲೂ ಪ್ರಜೆಗಳಿಗೆ ತಿಳಿಸಲಿಲ್ಲ. ಮುಂದೆ ಅದೇ ಕಾಯಿದೆಯ ಮೇಲೆ ಒಬ್ಬನಿಗೆ 50 ರೂಪಾಯಿ ದಂಡ ಬಿದ್ದಿತು. ಮೊತ್ತ ಸಣ್ಣದು, ಪ್ರಶ್ನೆ ದೊಡ್ಡದು: ಯಾರಿಗೂ ತಿಳಿಯದ ಕಾಯಿದೆಯನ್ನು ಮೀರಿದವನು ಅಪರಾಧಿಯೇ? 1951ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಲವೆಂದು ತೀರ್ಪಿತ್ತು ಶಿಕ್ಷೆಯನ್ನು ರದ್ದುಪಡಿಸಿತು. ‘ಪ್ರಾಮಲ್ಗೇಟ್’ ಆಗದ ಆ ಠರಾವು ಕಾಯಿದೆಯೇ ಆಗಿರಲಿಲ್ಲ.

ನಮ್ಮ ರಾಜ್ಯದಿಂದಲೂ ಇಂಥದೇ ಪ್ರಶ್ನೆ ದಿಲ್ಲಿಗೆ ಹೋಗಿತ್ತು. ಬೆಂಗಳೂರಿನ ನಗರ ಯೋಜನೆಯ ನಿಯಮಗಳು ಗೆಜೆಟ್ಟಿನಲ್ಲಿ ಪೂರ್ಣವಾಗಿ ಅಚ್ಚಾಗಿರಲಿಲ್ಲ. ಅವನ್ನು ಎಲ್ಲಿ ನೋಡಬಹುದೆಂಬ ಪ್ರಕಟಣೆಯಷ್ಟೇ ಬಂದಿತ್ತು. ಅಷ್ಟು ಸಾಕೆಂದು 1987ರಲ್ಲಿ ಅದೇ ನ್ಯಾಯಾಲಯ ಹೇಳಿತು. ಆದರೆ ಇಂಥ ನಿಯಮಗಳು ಕೂಡ ಯೋಗ್ಯ ರೀತಿಯಿಂದ ಜನರಿಗೆ ತಿಳಿಯಲೇಬೇಕೆಂಬ ಮಾತನ್ನು ಸಡಿಲಿಸಲಿಲ್ಲ.

ಹಾಗಾದರೆ ಕನ್ನಡದಲ್ಲಿ ಇದಕ್ಕೆ ಸಮನಾದ ಪದ ಯಾವುದು? ‘ಘೋಷಿಸು’ ಎಂದರೆ ದನಿ ಕೇಳಿಸುತ್ತದೆ, ಕಾಯಿದೆ ಕಾಣಿಸುವುದಿಲ್ಲ. ‘ಹೊರಡಿಸು’ ಎಂಬುದರಲ್ಲಿ ಆಜ್ಞೆಯು ಕಚೇರಿಯನ್ನು ಬಿಟ್ಟದ್ದು ತಿಳಿಯುತ್ತದೆ, ಊರನ್ನು ಮುಟ್ಟಿದ್ದು ತಿಳಿಯದು. ನಮ್ಮ ಭಾಗದ ಹಳೆಯ ದಫ್ತರಗಳ ‘ಜಾಹೀರು ಮಾಡು’ ಎಂಬ ಮಾತೇ ಹೆಚ್ಚು ಸಮೀಪವೆಂದು ನನಗೆ ತೋರುತ್ತದೆ. ನಾಮಪದ ಬೇಕಾದಲ್ಲಿ ‘ಪ್ರಾಮಲ್ಗೇಷನ್’ ಎನ್ನಬೇಕು. ಕ್ರಿಯಾಪದವನ್ನು ಉಚ್ಚರಿಸುವಾಗ ಒತ್ತು ಮೊದಲ ಅಕ್ಷರದ ಮೇಲೆ ಬೀಳಬೇಕು.